ಬ್ಯಾಟರಿ ಚಾರ್ಜರ್: ಮೊದಲ ಸ್ವಿಚ್ ಒತ್ತುವ ಮುನ್ನ

ಸೆಪ್ಟೆಂಬರ್ ಕಳೆಯುವ ವೇಳೆಗೆ ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ವ್ಯಾಪಾರಕ್ಕೆ ಬೇರೆಯೇ ಕಳೆ ಬರುತ್ತದೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳ ಬಾಗಿಲು ತೆರೆಯುವ ಕಾಲವದು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ದಾರಿಗಳಲ್ಲಿ ವರ್ಜೀನಿಯಾ ತಂಬಾಕಿನ ಬೇಲುಗಳನ್ನು ಹೇರಿಕೊಂಡ ವಾಹನಗಳು ಸಾಲುಗಟ್ಟುತ್ತವೆ. ಕರ್ನಾಟಕದಲ್ಲಿ ಈ ಹರಾಜು ಪದ್ಧತಿ 1984ರಲ್ಲಿ ಆರಂಭವಾದಂದಿನಿಂದ ಸುಗ್ಗಿಯ ಲೆಕ್ಕಾಚಾರವೆಲ್ಲ ಈ ಕೆಲವು ತಿಂಗಳುಗಳ ಸುತ್ತಲೇ ಕಟ್ಟಿಕೊಂಡಿದೆ. ಅದರ ಬೆನ್ನಿಗೇ ಕೃಷ್ಣರಾಜನಗರದ ಕಡೆ ಭತ್ತದ ಕೊಯ್ಲು ಬರುತ್ತದೆ, ಅಕ್ಕಿ ಗಿರಣಿಗಳು ಹಗಲಿರುಳು ನಡೆಯತೊಡಗುತ್ತವೆ. ಗೋದಾಮು ಇಟ್ಟುಕೊಂಡವನಿಗೆ ಈ ದಿನಗಳಲ್ಲಿ ಒಂದು ಯಂತ್ರ ನಿಂತರೂ ನಷ್ಟ ಅಂದಂದೇ ಎಣಿಕೆಗೆ ಸಿಗುತ್ತದೆ.

ಹಮಾಲರ ಬೆನ್ನಿನ ಮೇಲೆಯೇ ಸಾಗುತ್ತಿದ್ದ ಸರಕು ಈಗ ಕೆಲವೆಡೆ ಬ್ಯಾಟರಿಚಾಲಿತ ಸ್ಟ್ಯಾಕರ್ ಮತ್ತು ಫೋರ್ಕ್‌ಲಿಫ್ಟ್‌ಗಳ ಮೇಲೆ ಸಾಗುತ್ತಿದೆ. ಡೀಸೆಲ್ ಹೊಗೆ ತಂಬಾಕಿಗೂ ಅಕ್ಕಿಗೂ ಒಗ್ಗದು. ಮುಚ್ಚಿದ ಗೋದಾಮಿನೊಳಗೆ ದುಡಿಯುವವರಿಗಂತೂ ಒಗ್ಗುವುದೇ ಇಲ್ಲ. ಆದುದರಿಂದ ಬ್ಯಾಟರಿ ವಾಹನದ ಕಡೆಗೆ ಉದ್ಯಮಿಗಳು ಒಲಿಯುತ್ತಿರುವುದು ಸಹಜವೇ ಆಗಿದೆ. ಆದರೆ ವಾಹನವನ್ನು ನಾಲ್ಕು ಕಡೆ ವಿಚಾರಿಸಿ, ಚೌಕಾಸಿ ಮಾಡಿ ಕೊಳ್ಳುವ ಉದ್ಯಮಿ, ಅದರೊಡನೆ ಬರುವ ಚಾರ್ಜರನ್ನು ಮೊಬೈಲ್ ಫೋನಿನ ಚಾರ್ಜರಿನಂತೆಯೇ ಕಾಣುತ್ತಾನೆ. ಪ್ಲಗ್ ಸಿಕ್ಕಿಸಿದರೆ ಮುಗಿಯಿತು ಎಂಬ ಭಾವನೆ. ಲಕ್ಷಾಂತರ ರೂಪಾಯಿಯ ಬ್ಯಾಟರಿ 5 ವರ್ಷ ಬಾಳುವುದೋ ಎರಡೇ ವರ್ಷಕ್ಕೆ ಸೊರಗುವುದೋ ಎಂಬುದು ಬಹುಮಟ್ಟಿಗೆ ಚಾರ್ಜರನ್ನು ಮೊದಲ ಬಾರಿಗೆ ಚಾಲೂ ಮಾಡುವ ಮುನ್ನ ನಡೆಯುವ ಅರ್ಧ ದಿನದ ಕೆಲಸದಲ್ಲಿ ತೀರ್ಮಾನವಾಗುತ್ತದೆ. ಗೋದಾಮು ಮತ್ತು ಅದರಲ್ಲಿ ದುಡಿಯುವವರ ಕ್ಷೇಮವೂ ಅದೇ ಅರ್ಧ ದಿನಕ್ಕೆ ಸೇರಿದೆ.

ಎರಡು ಫಲಕಗಳನ್ನು ಅಕ್ಕಪಕ್ಕ ಇಟ್ಟು ಓದುವುದು

ಚಾರ್ಜರಿನ ಮೈಮೇಲೆ ಒಂದು ಲೋಹದ ಫಲಕವಿರುತ್ತದೆ, ಬ್ಯಾಟರಿ ಪೆಟ್ಟಿಗೆಯ ಮೇಲೆ ಇನ್ನೊಂದು. ಇವೆರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಮೊದಲ ಕೆಲಸ. ಕಂಪನಿಯವರೇ ಜೋಡಿಯಾಗಿ ಕಳುಹಿಸಿದ್ದಾರಲ್ಲ ಎಂದು ಬಿಡುವಂತಿಲ್ಲ. ಹಳೆಯ ವಾಹನವನ್ನು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕೊಂಡು ತಂದಾಗ ಬ್ಯಾಟರಿ ಒಂದು ಕಡೆಯದು, ಚಾರ್ಜರ್ ಮತ್ತೊಂದು ಕಡೆಯದು ಆಗಿರುವುದು ಅಪರೂಪವಲ್ಲ.

ಉದಾಹರಣೆಗೆ 48 ವೋಲ್ಟಿನ, 500 ಆಂಪಿಯರ್-ಗಂಟೆ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿಯನ್ನು ತೆಗೆದುಕೊಳ್ಳಬಹುದು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ರೂಪಿಸಿದ ತತ್ತ್ವವೇ ಇಂದಿಗೂ ಇದರೊಳಗೆ ಕೆಲಸ ಮಾಡುತ್ತಿದೆ. ತಲಾ 2 ವೋಲ್ಟಿನ 24 ಸೆಲ್‌ಗಳು ಸಾಲಾಗಿ ಸೇರಿ 48 ವೋಲ್ಟ್ ಆಗುತ್ತದೆ. ಇಂಥ ಬ್ಯಾಟರಿಗೆ ಸಾಮಾನ್ಯವಾಗಿ 80 ಆಂಪಿಯರ್ ಆಸುಪಾಸಿನ ಚಾರ್ಜರ್ ಹೊಂದುತ್ತದೆ, ಅಂದರೆ ಸಾಮರ್ಥ್ಯದ ಶೇಕಡ 16ರಷ್ಟು. ಇದಕ್ಕಿಂತ ಬಹಳ ಚಿಕ್ಕ ಚಾರ್ಜರ್ ಇದ್ದರೆ ಬೆಳಗಾದರೂ ಬ್ಯಾಟರಿ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ದುಡಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟುತ್ತದೆ. ಬಹಳ ದೊಡ್ಡ ಚಾರ್ಜರ್ ಇದ್ದರೆ ಬ್ಯಾಟರಿ ಕಾಯುತ್ತದೆ, ನೀರು ಬೇಗ ಇಂಗುತ್ತದೆ.

ಆಂಪಿಯರ್-ಗಂಟೆಯ ಅಂಕಿಯಲ್ಲೂ ಒಂದು ಸೂಕ್ಷ್ಮವಿದೆ. ಫೋರ್ಕ್‌ಲಿಫ್ಟ್ ಬ್ಯಾಟರಿಯ ಸಾಮರ್ಥ್ಯವನ್ನು 5 ಗಂಟೆಗಳಲ್ಲಿ ಬರಿದಾಗುವ ಲೆಕ್ಕದಲ್ಲಿ ಬರೆದಿರುತ್ತಾರೆ. ಮನೆಯ ಇನ್ವರ್ಟರ್ ಬ್ಯಾಟರಿಯದನ್ನು 20 ಗಂಟೆಗಳ ಲೆಕ್ಕದಲ್ಲಿ ಬರೆಯುವುದು ರೂಢಿ. ಅಂಕಿ ಒಂದೇ ಇದ್ದರೂ ಬ್ಯಾಟರಿ ಒಂದೇ ಅಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಇನ್ವರ್ಟರ್ ಬ್ಯಾಟರಿಗಳನ್ನು ಜೋಡಿಸಿ ಸ್ಟ್ಯಾಕರ್ ಓಡಿಸಲು ಹೊರಟವರು ಒಂದೇ ಹಂಗಾಮಿನಲ್ಲಿ ಆ ಅಗ್ಗದ ಬೆಲೆ ತಿಳಿದುಕೊಳ್ಳುತ್ತಾರೆ.

ಬ್ಯಾಟರಿಯ ಜಾತಿ ಇನ್ನೂ ಮುಖ್ಯವಾದುದು. ನೀರು ಹಾಕುವ ಬಗೆಯದು, ನೀರು ಹಾಕಲಾಗದ ಮುಚ್ಚಿದ ಜೆಲ್ ಬಗೆಯದು, ಲಿಥಿಯಂ ಬಗೆಯದು, ಈ ಮೂರಕ್ಕೂ ಚಾರ್ಜ್ ಮಾಡುವ ಕ್ರಮ ಬೇರೆ ಬೇರೆ. ನೀರಿನ ಬ್ಯಾಟರಿಗೆ ಹೊಂದಿಸಿದ ಚಾರ್ಜರನ್ನು ಜೆಲ್ ಬ್ಯಾಟರಿಗೆ ಹಾಕಿದರೆ ಅದರೊಳಗಿನ ತೇವ ಅನಿಲವಾಗಿ ಹೊರಟುಹೋಗುತ್ತದೆ. ಮರಳಿ ತುಂಬಲು ಮುಚ್ಚಳವೇ ಇಲ್ಲ. ಲಿಥಿಯಂ ಬ್ಯಾಟರಿಯಲ್ಲಿ ಚಾರ್ಜರ್ ಮತ್ತು ಬ್ಯಾಟರಿಯ ನಿಯಂತ್ರಣ ಫಲಕ ಪರಸ್ಪರ ಸಂಕೇತ ವಿನಿಮಯ ಮಾಡಿಕೊಳ್ಳುವ ತೆಳುವಾದ ತಂತಿಯೊಂದು ಇರುವುದುಂಟು. ಅದನ್ನು ಜೋಡಿಸದೆ ಬಲವಂತವಾಗಿ ಚಾರ್ಜ್ ಮಾಡುವುದು ಅಪಾಯಕರ. ಇಂದಿನ ಅನೇಕ ಚಾರ್ಜರುಗಳಲ್ಲಿ ಬ್ಯಾಟರಿಯ ಬಗೆಯನ್ನು ಒಂದು ಚಿಕ್ಕ ಸ್ವಿಚ್ಚಿನಿಂದಲೋ ಪರದೆಯ ಮೇಲಿನ ಪಟ್ಟಿಯಿಂದಲೋ ಆರಿಸಬಹುದು. ಕಾರ್ಖಾನೆಯಿಂದ ಬಂದಾಗ ಅದು ಯಾವ ಸ್ಥಾನದಲ್ಲಿದೆ ಎಂಬುದನ್ನು ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ಜೋಡಣೆಯ ಕನೆಕ್ಟರುಗಳ ಬಣ್ಣವೂ ಅಲಂಕಾರಕ್ಕಲ್ಲ. ಆಂಡರ್ಸನ್ ಮಾದರಿಯ ಕನೆಕ್ಟರುಗಳಲ್ಲಿ ಕೆಂಪು 24 ವೋಲ್ಟಿಗೆ, ಬೂದು 36ಕ್ಕೆ, ನೀಲಿ 48ಕ್ಕೆ ಮೀಸಲು. ಒಂದು ಬಣ್ಣದ್ದು ಇನ್ನೊಂದರೊಳಗೆ ಕೂರದಂತೆ ಅವುಗಳ ಅಚ್ಚನ್ನೇ ಬೇರೆ ಮಾಡಿರುತ್ತಾರೆ. ಕೂರುತ್ತಿಲ್ಲವೆಂದು ಒಂದು ತುದಿಯನ್ನು ಕತ್ತರಿಸಿ ಬೇರೆ ಕನೆಕ್ಟರ್ ಹಾಕುವ ಜಾಣತನ ನಮ್ಮ ಊರುಗಳಲ್ಲಿ ಧಾರಾಳವಾಗಿದೆ. ಕೂರದಿರುವುದೇ ಒಂದು ಎಚ್ಚರಿಕೆ ಎಂಬುದನ್ನು ವೈರ್‌ಮನ್‌ಗೆ ಮಾಲೀಕನೇ ಹೇಳಬೇಕಾಗುತ್ತದೆ.

ಲೈನಿನಲ್ಲಿ ನಿಜವಾಗಿ ಎಷ್ಟು ವೋಲ್ಟ್ ಇದೆ?

ಹುಣಸೂರು ಸೀಮೆಗೆ ವಿಶೇಷವಾಗಿ ಅನ್ವಯಿಸುವ ಸಂಗತಿ ಇಲ್ಲಿದೆ. ಮೂರು ಫೇಸಿನ ಕಡಿಮೆ ಒತ್ತಡದ ಸಂಪರ್ಕದಲ್ಲಿ 415 ವೋಲ್ಟ್ ಇರಬೇಕೆಂಬುದು ಘೋಷಿತ ಪ್ರಮಾಣ. ಶೇಕಡ 6ರಷ್ಟು ಏರಿಳಿತಕ್ಕೆ ಅವಕಾಶವಿದೆ, ಅಂದರೆ 390ರಿಂದ 440ರವರೆಗೆ. ಆದರೆ ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಗೋದಾಮಿನಲ್ಲಿ, ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ, ಇದಕ್ಕಿಂತಲೂ ಕೆಳಗಿಳಿಯುವುದು ಯಾರಿಗೂ ಹೊಸದಲ್ಲ. ಅದೇ ಗೋದಾಮಿನಲ್ಲಿ ನಡುರಾತ್ರಿ ಊರೆಲ್ಲ ಮಲಗಿ ಗಿರಣಿಗಳೂ ನಿಂತಾಗ ವೋಲ್ಟೇಜು ಮೇಲೇರುತ್ತದೆ. ಬ್ಯಾಟರಿ ಚಾರ್ಜ್ ಆಗುವುದು ಬಹುತೇಕ ರಾತ್ರಿಯೇ.

ಆದುದರಿಂದ ಚಾರ್ಜರ್ ಬರುವ ಮುನ್ನವೇ, ಅದನ್ನು ಕೂರಿಸುವ ಜಾಗದಲ್ಲಿ ಎರಡು ಮೂರು ದಿನ ವೋಲ್ಟೇಜನ್ನು ಅಳೆದು ಬರೆದಿಡುವುದು ಒಳ್ಳೆಯದು. ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ, ಸಂಜೆ 7ಕ್ಕೆ, ರಾತ್ರಿ 12ರ ಬಳಿಕ, ಮೂರೂ ಫೇಸುಗಳ ನಡುವೆ ಅಳೆಯಬೇಕು. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಹಾಗೂ ನಂಬಿಕಸ್ಥ ಕಾವಲುಗಾರನಿಗೆ ಅದನ್ನು ಹಿಡಿಯಲು ಕಲಿಸುವಷ್ಟು ತಾಳ್ಮೆ ಇದ್ದರೆ ಸಾಕು ಎಂದು ಕೆಲವರು ಭಾವಿಸುವುದುಂಟು. 415 ವೋಲ್ಟಿನ ಜಾಗದಲ್ಲಿ ಆ ಕೆಲಸವನ್ನು ಕಾವಲುಗಾರನಿಗೆ ಒಪ್ಪಿಸಕೂಡದು. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನಿಂದ ಫಲಕದ ಮೇಲೊಂದು ವೋಲ್ಟ್‌ಮೀಟರ್ ಹಾಕಿಸಿಬಿಟ್ಟರೆ ಓದಿ ಬರೆಯುವುದನ್ನು ಯಾರಾದರೂ ಮಾಡಬಹುದು.

ಈ ಅಂಕಿಗಳು ಬೇಕಾಗುವುದು ಚಾರ್ಜರಿನೊಳಗಿನ ಟ್ರಾನ್ಸ್‌ಫಾರ್ಮರ್ ಟ್ಯಾಪ್ ಹೊಂದಿಸಲು. ಸಾಂಪ್ರದಾಯಿಕ ಚಾರ್ಜರುಗಳಲ್ಲಿ 380, 400, 415, 440 ಎಂದು ಬರೆದ ತಿರುಪುಗಳ ಸಾಲೊಂದು ಇರುತ್ತದೆ. ಕಾರ್ಖಾನೆಯವರು ಅದನ್ನು ಒಂದು ಅಂದಾಜಿನ ಸ್ಥಾನದಲ್ಲಿ ಬಿಟ್ಟು ಕಳುಹಿಸುತ್ತಾರೆ. ಅಳೆದ ವೋಲ್ಟೇಜಿಗೆ ಅದನ್ನು ಸರಿಹೊಂದಿಸಿಕೊಳ್ಳಬೇಕಾದುದು ಕೊಂಡವರ ಹೊಣೆ. ಇದೇಕೆ ಇಷ್ಟು ದೊಡ್ಡ ವಿಷಯವೆಂದರೆ, ಹಳೆಯ ಮಾದರಿಯ ಸರಳ ಚಾರ್ಜರಿನಲ್ಲಿ ಕೊನೆಯ ಹಂತದ ಪ್ರವಾಹವನ್ನು ನಿರ್ಧರಿಸುವುದು ಚಾರ್ಜರಿನ ವೋಲ್ಟೇಜಿಗೂ ಬ್ಯಾಟರಿಯ ವೋಲ್ಟೇಜಿಗೂ ಉಳಿದಿರುವ ಸಣ್ಣ ಅಂತರ ಮಾತ್ರ. ಚಾರ್ಜರ್ 70 ವೋಲ್ಟ್ ಕೊಡಬಲ್ಲುದು, ತುಂಬುತ್ತಾ ಬಂದ ಬ್ಯಾಟರಿ 63ರಲ್ಲಿದೆ ಎಂದುಕೊಂಡರೆ ಅಂತರ 7 ವೋಲ್ಟ್. ಲೈನಿನಲ್ಲಿ ಶೇಕಡ 5 ಏರಿದರೆ ಚಾರ್ಜರಿನ 70 ವೋಲ್ಟ್ 73.5 ಆಗುತ್ತದೆ, ಅಂತರ ಹತ್ತೂವರೆಗೆ ಏರುತ್ತದೆ. ಹೊರಗೆ ಶೇಕಡ 5 ಆದುದು ಒಳಗೆ ಒಂದೂವರೆ ಪಟ್ಟಾಯಿತು. ನಡುರಾತ್ರಿ ಯಾರೂ ನೋಡದ ಹೊತ್ತಿನಲ್ಲಿ ಬ್ಯಾಟರಿ ಕುದಿಯುವುದು ಹೀಗೆ. ಈಚಿನ ಎಲೆಕ್ಟ್ರಾನಿಕ್ ಚಾರ್ಜರುಗಳು ಈ ಏರಿಳಿತವನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಆದರೆ ಅವಕ್ಕೂ ಒಂದು ಮಿತಿಯಿದೆ, ಆ ಮಿತಿ ಫಲಕದ ಮೇಲೆಯೇ ಬರೆದಿರುತ್ತದೆ.

ಹಳ್ಳಿಯ ಅಂಚಿನಲ್ಲಿ ಗೋದಾಮು ಕಟ್ಟಿದವರು ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು. ತಮ್ಮ ಸಂಪರ್ಕ ಯಾವ ಫೀಡರಿನದು? ನೀರಾವರಿ ಪಂಪ್‌ಸೆಟ್‌ಗಳ ಫೀಡರಿನಲ್ಲಿ ಮೂರು ಫೇಸು ದೊರೆಯುವುದು ದಿನದ ಕೆಲವು ಗಂಟೆಗಳು ಮಾತ್ರ. ಪೂರ್ತಿ ಬರಿದಾದ ಬ್ಯಾಟರಿ ತುಂಬಲು 8ರಿಂದ 10 ಗಂಟೆ ಬೇಕು. ಉಳಿದ ಹೊತ್ತಿನಲ್ಲಿ ಒಂದೇ ಫೇಸಿನಿಂದ ಪಂಪು ಓಡಿಸಲು ರೈತರು ಬಳಸುವ ಕನ್ವರ್ಟರ್‌ಗೆ ಚಾರ್ಜರನ್ನು ಜೋಡಿಸುವುದು ಚಾರ್ಜರನ್ನು ಸುಡುವ ನೇರ ದಾರಿ.

ಹೊರೆಯ ಲೆಕ್ಕವನ್ನೂ ಮರೆಯುವಂತಿಲ್ಲ. ಮೇಲೆ ಹೇಳಿದ 48 ವೋಲ್ಟ್, 80 ಆಂಪಿಯರ್ ಚಾರ್ಜರ್ ಲೈನಿನಿಂದ ಸುಮಾರು ಐದೂವರೆ ಕಿಲೋವಾಟ್ ಎಳೆಯುತ್ತದೆ. ಏಳೂವರೆ ಎಚ್.ಪಿ. ಮೋಟಾರೊಂದನ್ನು ಹೊಸದಾಗಿ ಕೂರಿಸಿದಷ್ಟೇ ಆಯಿತು. ಮೋಟಾರು ಕೂರಿಸುವಾಗ ಮಂಜೂರಾದ ಹೊರೆಯ ಬಗ್ಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗ ಕಚೇರಿಗೆ ಹೋಗಿಬರುವ ಉದ್ಯಮಿ, ಚಾರ್ಜರಿಗಾಗಿ ಹೋಗುವುದಿಲ್ಲ. ಅದು ಪ್ಲಗ್ಗಿನ ಸಾಮಾನು ಎಂಬ ಭಾವನೆಯೇ ಇದಕ್ಕೆ ಕಾರಣ. ಚಾರ್ಜರಿಗೆ ಮುಖ್ಯ ಫಲಕದಿಂದ ಪ್ರತ್ಯೇಕ ಕೇಬಲ್, ಪ್ರತ್ಯೇಕ ಎಂ.ಸಿ.ಬಿ., ಕೈಗೆಟಕುವಂತೆ ಒಂದು ಐಸೊಲೇಟರ್ ಇರತಕ್ಕದ್ದು. ಕಂಪ್ರೆಸರಿನ ಲೈನಿನಿಂದ ಕವಲು ತೆಗೆಯುವುದು, ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಳೆಯುವುದು ಎರಡೂ ಕೂಡದು. ಬ್ಯಾಟರಿ ಕಡೆಯ ದಪ್ಪ ಕೇಬಲ್ ಗಿಡ್ಡವಾಯಿತೆಂದು ತುಂಡು ಸೇರಿಸುವುದಂತೂ ಸಲ್ಲದು. 80 ಆಂಪಿಯರ್ ಹರಿಯುವ ದಾರಿಯಲ್ಲಿ ಕೈಯಿಂದ ಹೊಸೆದ ಒಂದು ಗಂಟು ಸಣ್ಣ ಒಲೆಯಾಗುತ್ತದೆ.

ಭೂಸಂಪರ್ಕದ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಮೂರು ಫೇಸಿನ ಉಪಕರಣದ ಲೋಹದ ಮೈಗೆ ಎರಡು ಪ್ರತ್ಯೇಕ ಭೂಸಂಪರ್ಕಗಳಿರಬೇಕು. ಇದ್ದಿಲು, ಉಪ್ಪು ತುಂಬಿದ ಅರ್ತ್ ಗುಂಡಿ ಮಳೆಗಾಲದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹರಾಜಿನ ಹಂಗಾಮು ಮುಗಿಯುವ ಬೇಸಿಗೆಯ ಹೊತ್ತಿಗೆ ಕೆಂಪುಮಣ್ಣು ಒಣಗಿ ಬಿರಿದಿರುತ್ತದೆ. ಗುಂಡಿಗೆ ನೀರು ಹೊಯ್ಯುವುದನ್ನು ಯಾರಾದರೊಬ್ಬರ ಕೆಲಸವೆಂದು ಗೊತ್ತುಪಡಿಸದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಅನಿಲ ಮೇಲಕ್ಕೇರುತ್ತದೆ

ಚಾರ್ಜ್ ಆಗುವ ಕೊನೆಯ ಹಂತದಲ್ಲಿ, ಸೆಲ್ಲಿನ ವೋಲ್ಟೇಜು 2.4 ದಾಟಿದ ಬಳಿಕ, ಒಳಗಿನ ನೀರು ವಿಭಜನೆಗೊಂಡು ಜಲಜನಕ ಮತ್ತು ಆಮ್ಲಜನಕ ಹೊರಬರುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ. ಬ್ಯಾಟರಿ ಕೋಣೆಯಲ್ಲಿ ಮೂಗಿಗೆ ಚುರುಗುಡುವುದು ಆಮ್ಲದ ತುಂತುರು, ಅಪಾಯ ತರುವುದು ಜಲಜನಕ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ತಲುಪಿದರೆ ಒಂದು ಕಿಡಿ ಸಾಕು.

ಎಷ್ಟು ಅನಿಲ ಹುಟ್ಟುತ್ತದೆಂಬುದನ್ನು ಲೆಕ್ಕ ಹಾಕಬಹುದು. ಒಂದು ಸೆಲ್ಲಿನಲ್ಲಿ ಒಂದು ಆಂಪಿಯರ್-ಗಂಟೆ ಹೆಚ್ಚುವರಿ ಹರಿದರೆ 0.42 ಲೀಟರ್ ಜಲಜನಕ. 24 ಸೆಲ್‌ಗಳ ಬ್ಯಾಟರಿಗೆ ಕೊನೆಯಲ್ಲಿ 20 ಆಂಪಿಯರ್ ಹರಿಯುತ್ತಿದ್ದರೆ ಗಂಟೆಗೆ 200 ಲೀಟರ್. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಸಾವಿರ ಲೀಟರ್ ಗಾಳಿಯಿರುತ್ತದೆ. ಅನಿಲ ಸಮನಾಗಿ ಹರಡಿದರೆ ಅಪಾಯದ ಮಟ್ಟ ಮುಟ್ಟಲು ಆರು ಗಂಟೆಗೂ ಹೆಚ್ಚು ಬೇಕು. ಆದರೆ ಜಲಜನಕ ಎಲ್ಲ ಅನಿಲಗಳಿಗಿಂತ ಹಗುರ, ನೇರ ಮಾಡಿಗೆ ಏರುತ್ತದೆ. ಮಾಡಿನ ಕೆಳಗಿನ ಒಂದು ಅಡಿಯಲ್ಲೇ ನಿಂತುಬಿಟ್ಟರೆ 40 ನಿಮಿಷ ಸಾಕು. ಟ್ಯೂಬ್‌ಲೈಟೂ ಅದರ ಸ್ಟಾರ್ಟರೂ ಇರುವುದು ಆ ಒಂದು ಅಡಿಯಲ್ಲಿಯೇ.

ಹಿಂದಿನ ಮಂಗಳೂರು ಹೆಂಚಿನ ಕಟ್ಟಡಗಳಲ್ಲಿ ಈ ಸಮಸ್ಯೆ ಅಷ್ಟಾಗಿ ಕಾಡುತ್ತಿರಲಿಲ್ಲ. ಹೆಂಚಿನ ಸಂದುಗಳೇ ಗವಾಕ್ಷಿಗಳಾಗಿದ್ದವು. ಆರ್‌ಸಿಸಿ ಮತ್ತು ತಗಡಿನ ಮಾಡು ಬಂದ ಮೇಲೆ, ಧೂಳು ಬರಬಾರದು, ಕಳ್ಳರು ಬರಬಾರದು ಎಂದು ಕಿಟಕಿಗಳನ್ನೂ ಕಿರಿದುಗೊಳಿಸಿದ ಮೇಲೆ, ಅನಿಲಕ್ಕೆ ಹೋಗಲು ದಾರಿ ಇಲ್ಲದಾಯಿತು. ಕಿಟಕಿ ತೆರೆದಿಟ್ಟರೂ ಅದರ ಮೇಲಂಚಿನಿಂದ ಮಾಡಿನವರೆಗೆ ಅನಿಲ ನಿಂತೇ ಇರುತ್ತದೆ. ಆದುದರಿಂದ ಹೊರದಾರಿ ಮಾಡಿಗೆ ತಾಗಿದಂತೆಯೇ ಇರಬೇಕು, ಒಳದಾರಿ ಎದುರು ಗೋಡೆಯ ಬುಡದಲ್ಲಿರಬೇಕು. ಮೇಲಿನ ಉದಾಹರಣೆಯ ಬ್ಯಾಟರಿಗೆ ಅಂತಾರಾಷ್ಟ್ರೀಯ ಮಾನಕದ ಸೂತ್ರದಂತೆ ಗಂಟೆಗೆ 24 ಘನಮೀಟರ್ ಗಾಳಿ ಬದಲಾಗಬೇಕು. ಅದಕ್ಕೆ ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲದ ಎರಡು ತೆರಪುಗಳು, ಒಂದು ಕೆಳಗೆ ಒಂದು ಮೇಲೆ, ಸಾಕಾಗುತ್ತವೆ. ಗಾರೆಯವನಿಗೆ ಅರ್ಧ ದಿನದ ಕೂಲಿ. ಎರಡು ಬ್ಯಾಟರಿಗಳು ಒಟ್ಟಿಗೆ ಚಾರ್ಜ್ ಆಗುವುದಾದರೆ ತೆರಪೂ ಇಮ್ಮಡಿಯಾಗಬೇಕು. ಇಲಿಗಳಿಗಾಗಿ ಜಾಲರಿ ಹಾಕಿದರೆ ಅದರ ತಂತಿ ನುಂಗುವ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚಾರ್ಜರನ್ನು ಬ್ಯಾಟರಿಯ ನೇರ ಮೇಲೆ ಗೋಡೆಗೆ ತೂಗುಹಾಕುವುದು ಜಾಗ ಉಳಿಸುವವರ ರೂಢಿ. ಆಮ್ಲದ ತುಂತುರೂ ಜಲಜನಕವೂ ಚಾರ್ಜರಿನ ಫ್ಯಾನಿನ ಬಾಯಿಗೇ ಹೋಗುತ್ತವೆ, ಒಳಗಿನ ಕಾಂಟ್ಯಾಕ್ಟರಿನ ಕಿಡಿಗೆ ಎದುರಾಗುತ್ತವೆ. ಪಕ್ಕಕ್ಕೆ, ಕೇಬಲ್ ಎಟಕುವಷ್ಟು ದೂರಕ್ಕೆ ಇಡುವುದೇ ಸರಿ. ಚಾರ್ಜರಿನ ಬೆನ್ನಿಗೂ ಗೋಡೆಗೂ ನಡುವೆ ಕೈಪಿಡಿ ಹೇಳಿದಷ್ಟು ತೆರಪಿರಲಿ. ಅಕ್ಕಿ ಗಿರಣಿಯಲ್ಲಿ ತೌಡಿನ ಧೂಳು, ತಂಬಾಕು ಗೋದಾಮಿನಲ್ಲಿ ಎಲೆಯ ಪುಡಿ ಗಾಳಿಯಲ್ಲೇ ಇರುತ್ತದೆ. ಅದು ಚಾರ್ಜರಿನೊಳಗೆ ಪದರಗಟ್ಟಿದರೆ ಬಿಸಿ ಹೊರಹೋಗುವುದಿಲ್ಲ. ಒಣಗಿದ ತಂಬಾಕೂ ಗೋಣಿತಾಟೂ ಎಂಥ ಉರುವಲು ಎಂಬುದನ್ನು ಈ ಸೀಮೆಯ ವ್ಯಾಪಾರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಲುಗಳ ನಟ್ಟನಡುವೆ ಒಂದು ಮೂಲೆಯನ್ನು ಚಾರ್ಜಿಂಗಿಗೆ ಬಿಟ್ಟುಕೊಡುವುದು ಬಾಡಿಗೆ ಉಳಿಸಬಹುದು, ಆದರೆ ವಿಮೆಯವರು ನಾಳೆ ಮೊದಲು ಕೇಳುವ ಪ್ರಶ್ನೆ ಅದೇ ಆಗಿರುತ್ತದೆ.

ಮೊದಲ ಚಾರ್ಜ್

ಮಳೆಗಾಲದಲ್ಲಿ ಲಾರಿಯಿಂದಿಳಿದ ಚಾರ್ಜರನ್ನು ಅಂದೇ ಚಾಲೂ ಮಾಡಕೂಡದು. ಒಂದು ದಿನ ಒಣ ಜಾಗದಲ್ಲಿಟ್ಟು ತೇವ ಆರಲು ಬಿಡಬೇಕು. ಬಳಿಕ ಲೈನ್ ಜೋಡಿಸುವ ಮುನ್ನವೇ ಮುಚ್ಚಳ ತೆಗೆಸಿ, ದಾರಿಯ ಕುಲುಕಾಟಕ್ಕೆ ಸಡಿಲಗೊಂಡಿರಬಹುದಾದ ತಿರುಪುಗಳನ್ನು ಬಿಗಿಮಾಡಿಸಬೇಕು. ಈ ಕೆಲಸಕ್ಕೆ ಕಂಪನಿಯ ತಂತ್ರಜ್ಞ ಬರುವುದು ಎರಡು ದಿನ ತಡವಾದರೂ ಕಾಯುವುದೇ ಲಾಭಕರ. ನಮ್ಮ ವೈರ್‌ಮನ್‌ಗಳು ಮೋಟಾರಿನ ಕೆಲಸದಲ್ಲಿ ನಿಪುಣರು, ಅದರಲ್ಲಿ ಸಂಶಯವಿಲ್ಲ. ಆದರೆ ಏಕಮುಖ ಪ್ರವಾಹದಲ್ಲಿ ಧನ-ಋಣ ಅದಲುಬದಲಾದರೆ ಮೋಟಾರಿನಂತೆ ಉಲ್ಟಾ ತಿರುಗಿ ಸುಮ್ಮನಾಗುವುದಿಲ್ಲ, ಡಯೋಡುಗಳು ಕ್ಷಣಾರ್ಧದಲ್ಲಿ ಹೋಗುತ್ತವೆ. ತಂತ್ರಜ್ಞನ ಸಹಿಯುಳ್ಳ ಚಾಲನಾ ವರದಿ ಕೈಯಲ್ಲಿದ್ದರೆ ವಾರಂಟಿಯ ಮಾತಿಗೂ ಬಲ ಬರುತ್ತದೆ.

ಬ್ಯಾಟರಿ ಜೋಡಿಸುವವರು ಉಂಗುರ, ಕೈಗಡಗ, ಬೆಳ್ಳಿಯ ಉಡಿದಾರಗಳನ್ನು ತೆಗೆದಿಡಬೇಕು. ಎರಡು ತುದಿಗಳ ನಡುವೆ ಲೋಹ ತಾಗಿದರೆ 48 ವೋಲ್ಟ್ ಶಾಕ್ ಹೊಡೆಯದಿದ್ದರೂ ಉಂಗುರವನ್ನು ಕೆಂಪಗೆ ಕಾಯಿಸಿ ಬೆರಳಿಗೆ ಕಚ್ಚಿಸುತ್ತದೆ. ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿರಲಿ. ಕನ್ನಡಕ, ರಬ್ಬರ್ ಕೈಚೀಲ ಧರಿಸಿರಬೇಕು. ಹರಿಯುವ ನೀರಿನ ನಲ್ಲಿ ಹತ್ತು ಹೆಜ್ಜೆಯೊಳಗಿರಬೇಕು. ಕಣ್ಣಿಗೆ ಆಮ್ಲ ಸಿಡಿದರೆ ತಡಮಾಡದೆ 15 ನಿಮಿಷ ನೀರು ಬಿಟ್ಟು ತೊಳೆದು, ಬಳಿಕ ಆಸ್ಪತ್ರೆಗೆ. ನೆಲದ ಮೇಲೆ ಚೆಲ್ಲಿದ ಆಮ್ಲಕ್ಕೆ ಅಡುಗೆ ಸೋಡಾ ಸಾಕು, ಅದರ ಎರಡು ಕಿಲೋ ಚೀಲವೊಂದು ಕೋಣೆಯಲ್ಲೇ ಇರಲಿ.

ಬ್ಯಾಟರಿ ಜೋಡಿಸಿದ ಬಳಿಕ ಸ್ವಿಚ್, ತೆಗೆಯುವಾಗ ಮೊದಲು ಸ್ವಿಚ್ ಆರಿಸಿ ಆನಂತರ ಪ್ಲಗ್. ಚಾರ್ಜ್ ನಡೆಯುತ್ತಿರುವಾಗಲೇ ಕನೆಕ್ಟರ್ ಎಳೆದರೆ ಏಳುವ ಕಿಡಿ, ಆ ಕ್ಷಣದಲ್ಲೇ ಏಳುತ್ತಿರುವ ಜಲಜನಕ, ಇವೆರಡರ ಭೇಟಿಯೇ ಬ್ಯಾಟರಿ ಸಿಡಿಯುವುದಕ್ಕೆ ಬಹುಮುಖ್ಯ ಕಾರಣ. ಮೊದಲ ಚಾರ್ಜನ್ನು ರಾತ್ರಿ ಹಾಕಿ ಮನೆಗೆ ಹೋಗಬಾರದು. ಬೆಳಿಗ್ಗೆ ಆರಂಭಿಸಿ, ಗಂಟೆಗೊಮ್ಮೆ ಪ್ರವಾಹ, ವೋಲ್ಟೇಜು, ನಡುವಿನ ಒಂದು ಸೆಲ್ಲಿನ ಉಷ್ಣತೆ ಬರೆದಿಡಬೇಕು. ಉಷ್ಣತೆ 45 ಡಿಗ್ರಿ ದಾಟಿದರೆ ನಿಲ್ಲಿಸಿ ಆರಲು ಬಿಡುವುದು ಕ್ಷೇಮ. ಪ್ರವಾಹ ಇಳಿಯುತ್ತಾ ಬಂದು ಕೊನೆಯಲ್ಲಿ ಚಾರ್ಜರ್ ತಾನಾಗಿ ನಿಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಅದು ತಾನಾಗಿ ನಿಲ್ಲುತ್ತದೆಂಬ ನಂಬಿಕೆಯ ಮೇಲೆಯೇ ಮುಂದಿನ ಸಾವಿರಾರು ರಾತ್ರಿಗಳು ನಿಂತಿವೆ. ನಿಂತ ಬಳಿಕ ಹೈಡ್ರೋಮೀಟರಿನಲ್ಲಿ ಪ್ರತಿ ಸೆಲ್ಲಿನ ಆಮ್ಲದ ಸಾಂದ್ರತೆ ಅಳೆಯಬೇಕು. 1.280ರ ಆಸುಪಾಸು ಬಂದರೆ ತುಂಬಿದೆ ಎಂದರ್ಥ. ಒಂದು ಸೆಲ್ ಮಾತ್ರ ಹಿಂದುಳಿದಿದ್ದರೆ ಅಂದೇ ಕಂಪನಿಗೆ ಬರೆದು ತಿಳಿಸಬೇಕು, ಆರು ತಿಂಗಳ ಬಳಿಕ ತಿಳಿಸಿದರೆ ಅದು ಬಳಸಿದವರ ತಪ್ಪಾಗುತ್ತದೆ. ಬ್ಯಾಟರಿ ನೀರನ್ನು ತುಂಬುವುದೂ ಚಾರ್ಜಿನ ನಂತರವೇ. ಮೊದಲೇ ಕಂಠಮಟ್ಟ ತುಂಬಿದರೆ ಚಾರ್ಜ್ ಆಗುವಾಗ ಉಬ್ಬಿ ಆಮ್ಲ ಹೊರಚೆಲ್ಲುತ್ತದೆ. ಫಲಕಗಳು ಬಯಲಾಗಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲು ಹಾಕಬಹುದು.

ನಮ್ಮಲ್ಲಿ ಹೊಸ ಯಂತ್ರದ ಮೊದಲ ಚಾಲನೆ ಪೂಜೆಯಿಲ್ಲದೆ ನಡೆಯದು. ಹರಾಜಿನ ಹಂಗಾಮಿನ ಆರಂಭವೂ ಆಯುಧಪೂಜೆಯೂ ಹತ್ತಿರ ಹತ್ತಿರವೇ ಬರುವುದರಿಂದ ಅನೇಕರು ಚಾರ್ಜರನ್ನು ಆ ದಿನವೇ ಚಾಲೂ ಮಾಡಲು ಇಷ್ಟಪಡುತ್ತಾರೆ. ಅದಕ್ಕೆ ಅಡ್ಡಿಯೇನಿಲ್ಲ. ಕರ್ಪೂರದಾರತಿ, ಊದುಬತ್ತಿ ಎಲ್ಲವೂ ಸ್ವಿಚ್ ಒತ್ತುವ ಮೊದಲೇ ಮುಗಿದು, ಆರಿ, ಹೊರಗೆ ಹೋಗಿರಬೇಕು. ಚಾರ್ಜ್ ನಡೆದು ಅನಿಲವೇಳುತ್ತಿರುವ ಹೊತ್ತಿನಲ್ಲಿ ತಡವಾಗಿ ಬಂದ ಪಾಲುದಾರರಿಗಾಗಿ ಮತ್ತೊಮ್ಮೆ ಆರತಿ ಎತ್ತುವುದು ಬೇಡ. ಚೆಂಡುಹೂವಿನ ಹಾರ ಚಾರ್ಜರಿನ ಗಾಳಿಕಿಂಡಿಯನ್ನು ಮುಚ್ಚದಿರಲಿ. ಅರಿಸಿನ ಕುಂಕುಮವನ್ನು ಪೆಟ್ಟಿಗೆಯ ಹೊರಮೈಗೆ ಹಚ್ಚಬೇಕು. ಸೆಲ್ಲುಗಳ ನೆತ್ತಿಗೆ ಹಚ್ಚಿದರೆ ಒದ್ದೆ ಕುಂಕುಮವೇ ಎರಡು ತುದಿಗಳ ನಡುವೆ ಸಣ್ಣ ಸೋರಿಕೆಯ ದಾರಿಯಾಗುತ್ತದೆ.

ಮಾರ್ಚಿನ ಬಳಿಕ

ತಂಬಾಕಿನ ವ್ಯಾಪಾರದಲ್ಲಿರುವವರಿಗೆ ಚಾರ್ಜರಿನ ಮೊದಲ ಬಳಕೆ ಜೀವಮಾನದಲ್ಲಿ ಒಮ್ಮೆ ಬರುವುದಲ್ಲ, ವರ್ಷಕ್ಕೊಮ್ಮೆ ಬರುತ್ತದೆ. ಹರಾಜು ಮುಗಿದ ಮೇಲೆ ಸ್ಟ್ಯಾಕರ್ ಮೂಲೆ ಸೇರುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಮುಂದಿನ ಹಂಗಾಮಿಗೆ ಅದು ಏಳುವುದಿಲ್ಲ. ಪೂರ್ತಿ ತುಂಬಿಸಿ, ಮೇಲ್ಮೈ ಒರೆಸಿ, ವಾಹನದಿಂದ ಬಿಡಿಸಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಡಬೇಕು. ದಿನಕ್ಕೊಂದರಂತೆ ಸುಮಾರು 1500 ಬಾರಿ ತುಂಬಿ ಬರಿದಾಗುವಂತೆ ರೂಪಿಸಿದ ಬ್ಯಾಟರಿ, ದುಡಿದು ಸಾಯುವುದಕ್ಕಿಂತ ಕೂತು ಸಾಯುವುದೇ ಈ ಕಡೆ ಹೆಚ್ಚು.

ಹಾಗೂ ಬಾಳು ಮುಗಿದ ಬ್ಯಾಟರಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಕಾಲ ಹೋಯಿತು. 2001ರ ನಿಯಮಗಳ ಸ್ಥಾನದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗಲೇ ಹಳೆಯದರ ಬೆಲೆ ಮಾತಾಡಿ, ರಸೀದಿ ಪಡೆದು ಒಪ್ಪಿಸುವುದು ಲೇಸು.

ಮುಂದಿನ ಸೆಪ್ಟೆಂಬರಿನಲ್ಲಿ ಚಾರ್ಜರಿನ ಮುಂದೆ ನಿಂತಾಗ ಮೊದಲ ದಿನದ ಕೆಲಸವನ್ನೆಲ್ಲ ಮತ್ತೊಮ್ಮೆ ಮಾಡಬೇಕು. ಮಳೆಗಾಲದಲ್ಲಿ ಇಲಿಗಳು ಕೇಬಲಿನ ಹೊದಿಕೆ ಕಡಿದಿರಬಹುದು, ಮಾಡಿನ ತೆರಪಿನಲ್ಲಿ ಗುಬ್ಬಿ ಗೂಡು ಕಟ್ಟಿರಬಹುದು. ಆರು ತಿಂಗಳಲ್ಲಿ ನಿಗಮದವರು ಹತ್ತಿರದಲ್ಲೇ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದ್ದರೆ ಲೈನಿನ ವೋಲ್ಟೇಜೇ ಬದಲಾಗಿರುತ್ತದೆ, ಹಿಂದಿನ ವರ್ಷ 400ರಲ್ಲಿ ಹಾಕಿದ್ದ ಟ್ಯಾಪನ್ನು 415ಕ್ಕೆ ಬದಲಿಸಬೇಕಾಗುತ್ತದೆ.